ಬಿಕ್ಕಳಿಸುವ ಚಿತ್ರ

ಒಂದೊಂದು ಕಾಲಕ್ಕೆ ಒಂದೊಂದು ಗೃಹರೋಗ. ನಮ್ಮ ಅಜ್ಜನ ಕಾಲದಲ್ಲಿ ಬಚ್ಚಲೊಲೆ ಹೊಗೆಯಾಡುತ್ತಿತ್ತು. ತಂದೆಯ ಕಾಲದಲ್ಲಿ ಗೋಡೆ ಗಡಿಯಾರ ಹಿಂದೆ ಬೀಳುತ್ತಿತ್ತು. ನಮ್ಮ ಕಾಲದಲ್ಲಿ ಚಿತ್ರ ಬಿಕ್ಕಳಿಸುತ್ತದೆ. ನಾಯಕ ಸುರಿಯುವ ಮಳೆಯಲ್ಲಿ ಓಡಿ ಬರುತ್ತಾನೆ, ಒಂದು ಕಾಲನ್ನು ಮೇಲಕ್ಕೆತ್ತಿ ಹಾಗೆಯೇ ನಿಂತುಬಿಡುತ್ತಾನೆ. ನೋಡುವವರು ಅವನು ಕಾಲನ್ನು ಕೆಳಗಿಡಲೆಂದು ಉಸಿರು ಹಿಡಿದು ಕಾಯುತ್ತಾರೆ. ಅವನು ಕಾಲಿಟ್ಟ ಮೇಲೆ ಮತ್ತೆರಡು ಹೆಜ್ಜೆ, ಮತ್ತೆ ನಿಲುಗಡೆ. ಇಂಥ ಓಟವನ್ನು ನೋಡಿ ಆಯಾಸಗೊಳ್ಳುವವರು ಓಡುವವನಲ್ಲ, ಕುಳಿತವರು.

ಈ ರೋಗಕ್ಕೆ ಔಷಧ ಹೇಳದವರಿಲ್ಲ. "ಒಮ್ಮೆ ಆರಿಸಿ ಮತ್ತೆ ಹಾಕಿ" ಎಂಬುದು ಎಲ್ಲರೂ ಬಲ್ಲ ಕಷಾಯ. "ಹೊಸದು ಕೊಳ್ಳಿ" ಎಂಬುದು ಅಂಗಡಿಯವರ ಲೇಹ್ಯ. ಶಿವಮೊಗ್ಗದ ನಮ್ಮ ಮನೆಯಲ್ಲಿ ಎರಡೂ ಆದುವು. ನಮ್ಮ ಮಗ ತಾನು ಕೊಂಡ ಡಿಸ್ಕುಗಳ ಚಿತ್ರಗಳನ್ನೆಲ್ಲ ಒಂದು ಪುಟ್ಟ ಪೆಟ್ಟಿಗೆಯಲ್ಲಿ ತುಂಬಿ, ಅದನ್ನು ಮುಂದಿನ ಕೋಣೆಯಲ್ಲಿರಿಸಿದ್ದಾನೆ. ಟೀವಿ ಇರುವುದು ನಡುಮನೆಯಲ್ಲಿ. ಚಿತ್ರ ವೈಫೈಯ ಬೆನ್ನೇರಿ ಅಲ್ಲಿಂದ ಇಲ್ಲಿಗೆ ಬರಬೇಕು. ಬಿಕ್ಕಳಿಕೆ ಮೊದಲಾದಾಗ ಅವನು ಇಂಟರ್ನೆಟ್ಟಿನವರಿಗೆ ಹೆಚ್ಚು ಹಣ ಕಟ್ಟಿ 100 ಮೆಗಾಬಿಟ್ ವೇಗವನ್ನು 300ಕ್ಕೆ ಏರಿಸಿದ. ಬಿಕ್ಕಳಿಕೆ ಎಳ್ಳಷ್ಟೂ ಜಗ್ಗಲಿಲ್ಲ. ಜಗ್ಗುವುದೆಂತು? ಚಿತ್ರ ಬರುತ್ತಿದ್ದುದು ಹೊರಗಿನ ಲೋಕದಿಂದಲ್ಲ, ಪಕ್ಕದ ಕೋಣೆಯಿಂದ. ಅಡಿಗೆಮನೆಯ ನಲ್ಲಿ ಸೊರಗಿತೆಂದು ಗಾಜನೂರಿನ ಅಣೆಕಟ್ಟನ್ನು ಎತ್ತರಿಸಿದರೆ ಕೊಡ ತುಂಬೀತೆ?

ಇಷ್ಟು ಸೂಕ್ಷ್ಮವಾದ ಚಿತ್ರ ಮನೆಗೆ ಏತಕ್ಕೆ ಬೇಕೆಂದು ನನ್ನಂಥ ಹಳಬರು ಕೇಳುವುದುಂಟು. 4ಕೆ ಎಂಬ ಈ ಚಿತ್ರದ ಒಂದೊಂದು ಚೌಕಟ್ಟಿನಲ್ಲೂ ಸುಮಾರು 83 ಲಕ್ಷ ಚುಕ್ಕೆಗಳಿರುತ್ತವೆ. ಅದಕ್ಕೆ ಮುಂಚಿನ ಪೂರ್ಣ ಎಚ್‌ಡಿ ಚಿತ್ರದ ನಾಲ್ಕರಷ್ಟು. ಆದರೆ ಇದು ಬರಿಯ ಶೋಕಿ ಎನ್ನುವಂತಿಲ್ಲ. ನಮ್ಮ ಜಿಲ್ಲೆಯವರೇ ಆದ ಅನಂತಮೂರ್ತಿಯವರ ಕಥೆಯನ್ನು ನಮ್ಮ ಜಿಲ್ಲೆಯವರೇ ಆದ ಗಿರೀಶ ಕಾಸರವಳ್ಳಿಯವರು 1977ರಲ್ಲಿ 'ಘಟಶ್ರಾದ್ಧ'ವಾಗಿ ತೆರೆಗೆ ತಂದರು. ಆ ಕಪ್ಪುಬಿಳುಪು ಚಿತ್ರವನ್ನು 4ಕೆಯಲ್ಲಿ ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಮಾಸಿದುದನ್ನು ತೊಳೆದು ಕೊಡುವ ಸೂಕ್ಷ್ಮತೆಯನ್ನು ಬೇಡವೆನ್ನಲು ನನಗೆ ಬಾಯಿ ಬಾರದು.

ನಮ್ಮ ಮನೆಯ ಬಿಕ್ಕಳಿಕೆಗೆ ಇನ್ನೊಂದು ವಿಚಿತ್ರ ಲಕ್ಷಣವಿತ್ತು. ಮಳೆಯ ದೃಶ್ಯದಲ್ಲಿ ಅದು ಯಾರಿದ್ದರೂ ಬರುತ್ತಿತ್ತು. ಆದರೆ ನಮ್ಮ ಭಾವ ಬಂದು ಕುಳಿತರೆ ಮಳೆಯಿರಲಿ ಬಿಸಿಲಿರಲಿ, ಚಿತ್ರ ಮೊದಲಿಂದ ಕೊನೆಯವರೆಗೆ ತಡವರಿಸುತ್ತಿತ್ತು.

ಭಾವ ಎಂದರೆ ನಮ್ಮ ಅಕ್ಕನ ಯಜಮಾನರು. ಅಕ್ಕ ಹೋದ ಮೇಲೆ ಭದ್ರಾವತಿಯ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದರು. ಎಂಬತ್ತು ದಾಟಿದೆ. ಕಿವಿ ಮಂದ. ಅವರು ಬಂದೊಡನೆ ಚಿತ್ರ ನಿಲ್ಲುವುದನ್ನು ಮೊದಲು ಕಂಡುಹಿಡಿದವಳು ನಮ್ಮ ಮೊಮ್ಮಗಳು. "ಅಜ್ಜ ಬಂದ್ರೆ ಪಿಕ್ಚರ್ ನಿಂತೇ ಹೋಗತ್ತೆ" ಎಂದು ಕೈತಟ್ಟಿ ನಕ್ಕಳು. ಎಲ್ಲರೂ ನಕ್ಕರು, ಭಾವನೂ ನಕ್ಕರು. ಮಾರನೆಯ ಸಂಜೆಯಿಂದ ಅವರಿಗೆ ಊಟವಾದೊಡನೆ ನಿದ್ದೆ ಬರತೊಡಗಿತು. ಕೋಣೆಯ ದೀಪ ಮಾತ್ರ ಹತ್ತೂವರೆಯವರೆಗೆ ಉರಿಯುತ್ತಿತ್ತು. ಮಕ್ಕಳ ಮಾತಿಗೆ ವಿಷವಿಲ್ಲ, ನಿಜ. ಆದರೆ ಪರರ ಮನೆಯಲ್ಲಿದ್ದೇನೆಂಬ ಭಾವನೆಯುಳ್ಳ ಮುದುಕರಿಗೆ ಅದು ತಾಗದೆ ಹೋಗುವುದಿಲ್ಲ.

ನಾನು ಅವರ ಬಾಗಿಲಿಗೆ ಹೋಗಿ, "ಭಾವ, ನಿಮ್ಮ ಮೇಲೆ ಅಪವಾದ ಬಂದಿದೆ. ರೇಡಿಯೋ ರಿಪೇರಿ ಮಾಡಿದ ಕೈ, ಸುಮ್ಮನೆ ಬಿಡುತ್ತೀರಾ?" ಎಂದೆ. ಆ ಮಾತು ಕೆಲಸ ಮಾಡಿತು.

ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಬಂದದ್ದು 1965ರಲ್ಲಿ. ಭಾವ ಆ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದದ್ದು ಅದಾದ ಸ್ವಲ್ಪ ಕಾಲಕ್ಕೆ. ಊರಿನಲ್ಲೇ ಕೇಂದ್ರವಿದ್ದ ಮೇಲೆ, ರೇಡಿಯೋ ಹಾಡದಿದ್ದರೆ ದೋಷ ಆಕಾಶದ್ದಲ್ಲ, ಪೆಟ್ಟಿಗೆಯದು ಎಂದು ಹಳ್ಳಿಯವನಿಗೂ ಗೊತ್ತಿತ್ತು. ಅವರ ಕ್ರಮವೆಂದರೆ ಕೊನೆಯಿಂದ ಮೊದಲಿಗೆ ಹೋಗುವುದು: ಮೊದಲು ಸ್ಪೀಕರು, ಅದರ ಹಿಂದಿನ ಘಟ್ಟ, ಅದರ ಹಿಂದಿನದು, ಎಲ್ಲಕ್ಕಿಂತ ಕಡೆಗೆ ಏರಿಯಲ್ಲು. ವಾಲ್ಯೂಮಿನ ಬಳಿ ಸ್ಕ್ರೂಡ್ರೈವರ್ ಮುಟ್ಟಿಸಿದಾಗ ಸ್ಪೀಕರು "ಗುಂಯ್" ಎಂದರೆ ಅಲ್ಲಿಂದ ಈಚೆಗೆಲ್ಲ ಕ್ಷೇಮ, ಕಳ್ಳ ಆಚೆಗಿದ್ದಾನೆ ಎಂದು ಅರ್ಥ. "ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು ಮಾರಾಯ. ಎರಡು ಒಟ್ಟಿಗೆ ಮಾಡಿದರೆ ಸರಿಹೋದರೂ ಕಲಿಯುವುದು ಏನೂ ಇಲ್ಲ" ಎಂದು ಮಗನಿಗೆ ಹೇಳಿ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು ಕುಳಿತರು.

ಮೊದಲನೆಯ ಪರೀಕ್ಷೆ: ಪೆಟ್ಟಿಗೆಯ ಚಿತ್ರವನ್ನೇ ಪೆನ್‌ಡ್ರೈವಿಗೆ ಇಳಿಸಿ ಟೀವಿಗೆ ಚುಚ್ಚಿದ್ದು. ಚಿತ್ರ ನೀರಿನಂತೆ ಹರಿಯಿತು. ಹಾಗಾದರೆ ಚಿತ್ರವೂ ಸರಿ, ಟೀವಿಯೂ ಸರಿ. ಎರಡನೆಯದು: ಇಂಟರ್ನೆಟ್ಟಿನಿಂದ ಬರುವ 4ಕೆ ಚಿತ್ರ. ಅದಕ್ಕೂ ಬಿಕ್ಕಳಿಕೆಯಿಲ್ಲ. ಏಕೆಂದರೆ ಹೊರಗಿನಿಂದ ಬರುವುದನ್ನು ಬಿಗಿಯಾಗಿ ಮಡಿಸಿ ಕಳುಹಿಸುತ್ತಾರೆ, ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಸಾಕು. ಡಿಸ್ಕಿನ ಚಿತ್ರವಾದರೋ 4ಕೆಯಲ್ಲಿ 128 ಮೆಗಾಬಿಟ್‌ವರೆಗೂ ಏರಬಹುದು. ಅದು ಏರುವುದು ಎಲ್ಲಿ? ಎಲ್ಲ ಚುಕ್ಕೆಗಳೂ ಒಮ್ಮೆಲೇ ಬದಲಾಗುವಲ್ಲಿ. ಎಂದರೆ ಮಳೆಯಲ್ಲಿ, ಜಲಪಾತದಲ್ಲಿ, ಗಾಳಿಗೆ ಅಲ್ಲಾಡುವ ಎಲೆಗಳಲ್ಲಿ. ಮಲೆನಾಡನ್ನು ತೋರಿಸುವುದು ಯಂತ್ರಕ್ಕೂ ಕಷ್ಟವೆಂದು ನನಗೆ ಅಂದೇ ತಿಳಿದದ್ದು.

ದಾರಿಯಲ್ಲಿ ಇಕ್ಕಟ್ಟು ಎಲ್ಲಿದೆ ಎಂಬುದೇ ಇನ್ನು ಉಳಿದ ಪ್ರಶ್ನೆ. ರೂಟರಿಗೂ ನಡುಮನೆಗೂ ನಡುವೆ ಒಂದೂವರೆ ಅಡಿ ದಪ್ಪದ ಎರಡು ಹಳೆಯ ಗೋಡೆಗಳು. ವೈಫೈಯಲ್ಲಿ 5 ಗಿಗಾಹರ್ಟ್ಸ್‌ನ ಅಲೆ ವೇಗದ್ದು, ಗೋಡೆಗೆ ಬೆದರುತ್ತದೆ; 2.4ರದು ಗೋಡೆ ದಾಟುತ್ತದೆ, ಭಾರ ಹೊರಲಾರದು. ಮಗ ತಂತಿ ಎಳೆದ. ಆದರೂ ಮಳೆಯಲ್ಲಿ ನಾಯಕ ನಿಂತ! ಟೀವಿಯ ಹಿಂದಿನ ತಂತಿಯ ರಂಧ್ರ 100 ಮೆಗಾಬಿಟ್ಟಿನದಂತೆ. ದೊಡ್ಡ ದೊಡ್ಡ ಟೀವಿಗಳಲ್ಲೂ ಅನೇಕಕ್ಕೆ ಅಷ್ಟೇ. ಅದಕ್ಕಿಂತ ಹತ್ತರಷ್ಟು ಅಗಲದ ರಂಧ್ರವಿರುವ ಪುಟ್ಟ ಪ್ಲೇಯರ್ ಒಂದನ್ನು ನಡುವೆ ಇಟ್ಟ ಮೇಲೆ ಮಳೆ ಸಲೀಸಾಗಿ ಸುರಿಯಿತು. ನಾಯಕ ಮನೆ ಮುಟ್ಟಿದ.

ಮಗ ಕೈ ಒರೆಸಿಕೊಂಡು, "ಬನ್ನಿ ಮಾವ, ಈಗ ಕೂತು ನೋಡಿ" ಎಂದ. ಭಾವ ಬಂದು ಕುಳಿತರು. ಚಿತ್ರ ಮೊದಲ ದೃಶ್ಯದಲ್ಲೇ ಬಿಕ್ಕಳಿಸಿತು. ಅದರಲ್ಲಿ ಮಳೆಯಿರಲಿಲ್ಲ, ಗಾಳಿಯಿರಲಿಲ್ಲ. ಇಬ್ಬರು ಕುಳಿತು ಕಾಫಿ ಕುಡಿಯುತ್ತಿದ್ದರು. ಯಾರೂ ನಗಲಿಲ್ಲ. ಮೊಮ್ಮಗಳು ಕೂಡ.

ಭಾವ ಎದ್ದುಹೋಗುವರೆಂದು ನಾನು ಹೆದರಿದೆ. ಅವರು ಕ್ಯಾಲೆಂಡರಿನ ಹಾಳೆ ನೋಡಿದರು. "ನಾನು ಇಲ್ಲದಿದ್ದಾಗ ಮಾಡದ್ದು ಏನೋ ಒಂದನ್ನು ನಾನು ಬಂದಾಗ ಮಾಡುತ್ತೀಯ. ಏನು ಅದು?"

"ಏನಿಲ್ಲ ಮಾವ. ನಿಮಗೆ ಮಾತು ಕೇಳಿಸುವುದಿಲ್ಲವಲ್ಲ, ಅಡಿಬರಹ ಹಾಕುತ್ತೇನೆ, ಅಷ್ಟೆ."

"ತೆಗೆ ಅದನ್ನು."

ತೆಗೆದ. ಚಿತ್ರ ಹರಿಯಿತು. ಹಾಕಿದ. ನಿಂತಿತು.

ಕಾರಣ ಆಮೇಲೆ ಹೊರಬಿತ್ತು. ಡಿಸ್ಕುಗಳಲ್ಲಿ ಅಡಿಬರಹ ಅಕ್ಷರವಾಗಿರುವುದಿಲ್ಲ, ಅಕ್ಷರಗಳ ಚಿತ್ರವಾಗಿರುತ್ತದೆ. ನಮ್ಮ ಪ್ಲೇಯರಿಗೆ ಅದನ್ನು ಮೇಲೆ ಹೊದಿಸಿ ತೋರಿಸಲು ಬಾರದು. ಆದ್ದರಿಂದ ಪೆಟ್ಟಿಗೆಯೇ ಇಡೀ ಚಿತ್ರವನ್ನು ಬಿಚ್ಚಿ, ಸೆಕೆಂಡಿಗೆ 24 ಚೌಕಟ್ಟಿನಂತೆ ಪ್ರತಿಯೊಂದರ ಮೇಲೂ ಬರಹವನ್ನು ಅಂಟಿಸಿ, ಮತ್ತೆ ಮಡಿಸಿ ಕಳುಹಿಸಬೇಕು. ಆ ಬಡಪಾಯಿಗೆ ಅಷ್ಟು ಶಕ್ತಿ ಎಲ್ಲಿಯದು? ಅದೇ ಬರಹವನ್ನು ಅಕ್ಷರರೂಪದ ಪುಟ್ಟ ಕಡತವಾಗಿ ಬೇರೆ ಇಟ್ಟರೆ ಚಿತ್ರದ ಗಂಟನ್ನು ಬಿಚ್ಚುವ ಅಗತ್ಯವೇ ಇಲ್ಲ. ಮಗ ಹಾಗೆ ಮಾಡಿದ. ಬಿಕ್ಕಳಿಕೆ ಅಂದಿಗೆ ಮುಗಿಯಿತು. ಮೊಮ್ಮಗಳು ಯಾರೂ ಹೇಳದೆಯೇ ಹೋಗಿ ಭಾವನ ಕುರ್ಚಿಯ ಕೈಯ ಮೇಲೆ ಕುಳಿತಳು.

ಆದರೆ ರಿಪೇರಿಯವರಿಗೆ ಅರ್ಧದಲ್ಲಿ ಬಿಡುವ ಅಭ್ಯಾಸವಿಲ್ಲ. "ಅಡಿಬರಹ ಬೇಕಾದದ್ದು ಏಕೆ? ಮಾತು ಕೇಳಿಸದ್ದಕ್ಕೆ. ಅದಕ್ಕೇನು ಕಾರಣ?" ಎಂದು ಭಾವ ಮುಂದುವರಿಸಿದರು. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ಅ, ಆ, ಓ ಗಟ್ಟಿಯಾಗಿಯೇ ಕೇಳುತ್ತವೆ. ಸ, ಶ, ತ, ಕಗಳು ಜಾರಿಹೋಗುತ್ತವೆ. ಸದ್ದನ್ನು ಕೊಡುವುದು ಸ್ವರ, ಅರ್ಥವನ್ನು ಕೊಡುವುದು ಬಹಳಮಟ್ಟಿಗೆ ವ್ಯಂಜನ. ಅದಕ್ಕೇ ಮುದುಕರು "ಕೇಳಿಸುತ್ತದೆ, ತಿಳಿಯುವುದಿಲ್ಲ" ಎನ್ನುವುದು, ಅದು ನೆಪವಲ್ಲ.

ಸುತ್ತುಧ್ವನಿಯ 5.1 ಎಂಬ ಏರ್ಪಾಡಿನಲ್ಲಿ ಎದುರಿಗೆ ಮೂರು, ಪಕ್ಕಕ್ಕೆ ಎರಡು, ಗುಡುಗಿಗೆ ಒಂದು ಸ್ಪೀಕರು. ಪಾತ್ರಗಳ ಮಾತು ಹೆಚ್ಚಾಗಿ ಬರುವುದು ಎದುರಿನ ನಡುವಿನದರಿಂದ. ಭಾವ ಒಂದೊಂದಕ್ಕೂ ಕಿವಿಯಿಟ್ಟು ನೋಡುತ್ತ ಬಂದರು. ನಡುವಿನದು ಷೋಕೇಸಿನ ಒಳತಟ್ಟಿನಲ್ಲಿ, ಮದುವೆಯ ಫೋಟೋ ಮತ್ತು ಗಂಧದ ಗಣಪತಿಯ ಹಿಂದೆ ಕುಳಿತಿತ್ತು. ಕೆಳಸ್ವರ ಅಡ್ಡಿಯನ್ನು ಸುತ್ತಿಕೊಂಡು ಬರುತ್ತದೆ, ಮೇಲ್ಸ್ವರ ಬಾರದು. ನಮ್ಮ ಭಾವನಿಗೆ ಬೇಕಾದ ಸಕಾರ ತಕಾರಗಳೆಲ್ಲ ಗಣಪತಿಗೇ ನೈವೇದ್ಯವಾಗುತ್ತಿದ್ದುವು. ಸ್ಪೀಕರನ್ನು ಹೊರಗೆ ತಂದು ಕುಳಿತವರ ಕಿವಿಯ ಕಡೆಗೆ ತಿರುಗಿಸಿದರು. ಆಂಪ್ಲಿಫಯರಿನಲ್ಲಿ ಅದೊಂದರ ಮಟ್ಟವನ್ನು ಮೂರು ಡೆಸಿಬೆಲ್ ಏರಿಸಿದರು. ಇದಕ್ಕೆ ಖರ್ಚಾದ ಹಣ ಸೊನ್ನೆ.

ಹೆಚ್ಚು ಕೊಟ್ಟರೆ ಹೆಚ್ಚು ಹರಿಯುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಹರಿಯುವುದು ದಾರಿಯಲ್ಲಿ ಅತಿ ಕಿರಿದಾದ ಬಾಗಿಲಿನಷ್ಟು ಮಾತ್ರ. ಆ ಬಾಗಿಲು ಯಾವುದೆಂದು ಹುಡುಕಲು ಬೇಕಾದುದು ಒಂದೊಂದನ್ನೇ ಮುಟ್ಟಿ ನೋಡುವ ತಾಳ್ಮೆ. ಹಾಗೆ ನೋಡದೆ ಇದ್ದರೆ ಮನುಷ್ಯರ ಮೇಲೆಯೇ ದೋಷ ಬರುತ್ತದೆ. ಸಹಾಯವೆಂದು ಮಾಡಿದ್ದೇ ಅಡ್ಡಿಯಾಗಿ, ಸಹಾಯ ಪಡೆದವನು ಕಾಲ್ಗುಣ ಕೆಟ್ಟವನೆನಿಸಿಕೊಳ್ಳುತ್ತಾನೆ.

ಮೊನ್ನೆ ರಾತ್ರಿ ಎಲ್ಲರೂ ಕುಳಿತು ಒಂದು ಕನ್ನಡ ಚಿತ್ರ ನೋಡುತ್ತಿದ್ದೆವು. ಭಾವ ಇದ್ದಕ್ಕಿದ್ದಂತೆ ಸಿಡುಕಿದರು: "ಅವನು ಹೇಳಿದ್ದೇ ಒಂದು, ಕೆಳಗೆ ಇವರು ಬರೆದದ್ದೇ ಒಂದು!" ಅಡಿಬರಹ ತಪ್ಪಿತ್ತು, ನಿಜ. ಅದನ್ನು ನಾವು ಯಾರೂ ಗಮನಿಸಿರಲಿಲ್ಲ.