ದಾರಂದದ ಮೇಲಿನ ಪೆನ್ಸಿಲ್ ಗೆರೆ

ಬಿಜೈ, ಮಂಗಳೂರು

ಪ್ರೀತಿಯ ಗೆಳತಿ,

ನಿನ್ನ ಕಾಗದ ಸಿಕ್ಕಿತು. ಎರಡು ಸಲ ಓದಿದೆ. ಮೊದಲ ಸಲ ಲೆಕ್ಕ ಮಾತ್ರ ಕಣ್ಣಿಗೆ ಬಿತ್ತು. ಬಜ್ಪೆಯಿಂದ ಅಬುಧಾಬಿಗೆ ನಾಲ್ಕು ವಿಮಾನದ ಟಿಕೆಟ್, ವೀಸಾ, ಯಾಸ್ ದ್ವೀಪದ ಪಾರ್ಕುಗಳ ಪಾಸು, ಮೇಲುಖರ್ಚು, ಎಲ್ಲ ಸೇರಿ ಮೂರು ಲಕ್ಷದ ಹತ್ತಿರ. ಎರಡನೇ ಸಲ ಓದುವಾಗ ಕೊನೆಯ ನಾಲ್ಕು ಸಾಲು ನಾಟಿತು. ದೊಡ್ಡವಳು ಶಾಲೆಯಿಂದ ಬಂದು "ಅಮ್ಮಾ, ನಮ್ಮ ಕ್ಲಾಸಿನಲ್ಲಿ ಎಲ್ಲಿಗೂ ಹೋಗದವಳು ನಾನೊಬ್ಬಳೇ" ಅಂದಳಂತೆ. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ನೀನು ಕಪಾಟು ತೆರೆದು ಬಳೆ ತೂಗಿ ನೋಡಿದೆಯಂತೆ. ಅದಕ್ಕೇ ತಡಮಾಡದೆ ಬರೆಯುತ್ತಿದ್ದೇನೆ. ಬಳೆ ಅಡವಿಡುವ ಮೊದಲು ಇದನ್ನೊಮ್ಮೆ ಓದು ಮಾರಾಯ್ತಿ.

ಮೊದಲಿಗೇ ಹೇಳಿಬಿಡುತ್ತೇನೆ. "ಪಣಂಬೂರು ಬೀಚ್ ಉಂಟಲ್ಲ, ಕದ್ರಿ ಪಾರ್ಕ್ ಉಂಟಲ್ಲ, ಅಷ್ಟು ದೂರ ಎಂತಕ್ಕೆ" ಎನ್ನುವವಳು ನಾನಲ್ಲ. ಪಿಲಿಕುಳ ನನಗೂ ಇಷ್ಟ. 2018ರಲ್ಲಿ ಅಲ್ಲಿ ತಾರಾಲಯ ತೆರೆದಾಗ ಮೊಮ್ಮಕ್ಕಳ ಜೊತೆ ಹೋಗಿ, ತಲೆಯ ಮೇಲೆ ನಕ್ಷತ್ರ ತಿರುಗುವುದನ್ನು ನೋಡಿ ಕಣ್ಣು ತುಂಬಿಕೊಂಡು ಬಂದವಳು ನಾನು. ಆದರೆ ಮಗು ಮಾವಿನ ಹಣ್ಣು ಕೇಳಿದಾಗ ಹಲಸಿನ ಸೊಳೆ ಕೊಟ್ಟು ಇದೂ ಸಿಹಿಯೇ ಅಂದರೆ ಅದಕ್ಕೆ ಸಮಾಧಾನ ಆಗುವುದಿಲ್ಲ. ನಿನ್ನ ಮಗಳಿಗೆ ಬೇಕಾಗಿರುವುದು ಎತ್ತರದಿಂದ ಬೀಳುವ ಭಯ, ಹೊಟ್ಟೆಯೊಳಗೆ ಆಗುವ ಆ ಜುಮ್ಮೆನ್ನುವಿಕೆ, ಸೋಮವಾರ ಕ್ಲಾಸಿನಲ್ಲಿ ಹೇಳಿಕೊಳ್ಳಲು ಒಂದು ಕಥೆ. ಆ ಆಸೆಯನ್ನು ಸಣ್ಣದು ಎನ್ನಬೇಡ. ನಮಗೂ ಅದು ಇತ್ತು.

ಪೊಳಲಿ ಚೆಂಡಿಗೆ ಅಪ್ಪ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದದ್ದು ನಿನಗೂ ಗೊತ್ತು. ಗದ್ದೆಯಲ್ಲಿ ಮರದ ತೊಟ್ಟಿಲು ತಿರುಗುತ್ತಿತ್ತು. ಒಂದು ಸುತ್ತಿಗೆ ಒಂದು ಚೀಟಿ. ಅಪ್ಪ ಅಂಗಿಯ ಜೇಬಿನಿಂದ ಚಿಲ್ಲರೆ ತೆಗೆದು ಎಣಿಸಿ ಕೊಡುತ್ತಿದ್ದರು. ಎರಡು ಸಲ ತೊಟ್ಟಿಲು, ಆಮೇಲೆ ಬಳೆಯಂಗಡಿ, ಆಮೇಲೆ ಕಬ್ಬಿನ ಹಾಲು. ಮೂರನೇ ಸಲ ಹತ್ತಬೇಕೆಂದು ಅತ್ತರೆ ಕಬ್ಬಿನ ಹಾಲು ಇಲ್ಲ. ಆಯ್ಕೆ ನಮ್ಮ ಕೈಯಲ್ಲೇ ಇತ್ತು. ಸಾಕು ಅನ್ನಿಸಿದಲ್ಲಿ ಜಾತ್ರೆ ಮುಗಿಯುತ್ತಿತ್ತು.

ಈಗಿನ ಪಾರ್ಕುಗಳ ದಾರಿ ಬೇರೆ. ಗೇಟಿನಲ್ಲೇ ಇಡೀ ದಿನದ ದುಡ್ಡು ಕೊಡಬೇಕು, ಒಳಗೆ ಎಷ್ಟು ಸಲ ಹತ್ತಿದರೂ ಸರಿ. ಅಮೆರಿಕದಲ್ಲಿ 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಪ್ರವೇಶಕ್ಕೊಂದು ಚೀಟಿ, ಪ್ರತಿ ಆಟಕ್ಕೆ ಮತ್ತೊಂದು ಎಂಬ ನಮ್ಮ ಜಾತ್ರೆಯ ಪದ್ಧತಿಯೇ ಇತ್ತು. ಗೇಟಿನಲ್ಲಿ ಎಷ್ಟು ವಸೂಲಿ ಮಾಡಬೇಕು, ಆಟಕ್ಕೆ ಎಷ್ಟು ಎಂಬ ಪ್ರಶ್ನೆಯನ್ನೇ ಹಿಡಿದು ವಾಲ್ಟರ್ ಓಯ್ ಎಂಬ ಅರ್ಥಶಾಸ್ತ್ರಜ್ಞ 1971ರಲ್ಲಿ ಒಂದು ಪ್ರಬಂಧ ಬರೆದರು, ಅದನ್ನು ಇವತ್ತಿಗೂ ವಿದ್ಯಾರ್ಥಿಗಳಿಗೆ ಓದಿಸುತ್ತಾರೆ. 1980ರ ದಶಕದಲ್ಲಿ ಡಿಸ್ನಿಲ್ಯಾಂಡ್ ಆಟದ ಚೀಟಿಗಳನ್ನು ಬಿಟ್ಟು ಇಡೀ ದಿನದ ಪಾಸಿಗೆ ಬಂತು. ನಮ್ಮ ಕಡೆ ಕೊಚ್ಚಿಯಲ್ಲಿ 2000ರಲ್ಲಿ ವೀಗಾಲ್ಯಾಂಡ್ ಶುರು ಮಾಡಿದ ಕೊಚೌಸೆಪ್ ಚಿಟ್ಟಿಲಪ್ಪಿಳ್ಳಿ ಅವರು 2005ರಲ್ಲಿ ಬಿಡದಿಯ ಹತ್ತಿರ ವಂಡರ್‌ಲಾ ತೆರೆದರು. ಅಲ್ಲಿಯೂ ಇದೇ ಪದ್ಧತಿ.

ನಿರ್ವಹಣೆಗೆ ಇದು ಸುಲಭ, ಮಕ್ಕಳಿಗೂ ಖುಷಿ. ತೊಂದರೆ ಆಗುವುದು ದುಡ್ಡು ಕೊಟ್ಟವರ ಮನಸ್ಸಿಗೆ. ಗೇಟು ದಾಟಿದ ಕ್ಷಣದಿಂದ ಅಪ್ಪನ ತಲೆಯಲ್ಲಿ ಒಂದೇ ಮಾತು: ಕೊಟ್ಟದ್ದು ವಸೂಲಿ ಆಗಬೇಕು. ಮಗು ಒಂದು ಕಡೆ ನೀರಿನಲ್ಲಿ ಸುಮ್ಮನೆ ಕೂತರೆ ಅವನಿಗೆ ಚಡಪಡಿಕೆ. "ಏಳು, ಅಲ್ಲಿ ಕ್ಯೂ ಕಡಿಮೆ ಉಂಟು, ಬೇಗ ಬಾ." ಟಿಕೆಟ್ ಎಷ್ಟು ದುಬಾರಿಯೋ ಚಡಪಡಿಕೆ ಅಷ್ಟು ಜಾಸ್ತಿ. ಮೂರು ಲಕ್ಷ ಸಾಲ ಮಾಡಿ ಹೋದ ಅಪ್ಪ ಅಮ್ಮನಿಗೆ ಆ ದಿನ ಮಗು ಒಂದು ಆಟಕ್ಕೆ ಹೆದರಿ ಹಿಂದೆ ಸರಿದರೂ ಸಿಟ್ಟು ಬರುತ್ತದೆ. ನನಗೆ ಈ ಪ್ರಯಾಣದಲ್ಲಿ ಹೆದರಿಕೆ ಇರುವುದು ಇದೊಂದರದ್ದೇ.

ಇದನ್ನು ಕೇಳಿ ತಿಳಿದು ಹೇಳುತ್ತಿಲ್ಲ. ನನ್ನ ಮಕ್ಕಳು ಹನ್ನೆರಡು, ಎಂಟು ವರ್ಷದವರಿದ್ದಾಗ ನಾವೂ ಹೋಗಿದ್ದೆವು. ಯಾವ ಪಾರ್ಕ್ ಎಂಬುದು ಬೇಡ, ತಪ್ಪು ನಮ್ಮದೇ. ಮೇ ತಿಂಗಳ ಭಾನುವಾರ ಹೋದೆವು. ಒಂದೊಂದು ಆಟಕ್ಕೂ ಮುಕ್ಕಾಲು ಗಂಟೆ ಕ್ಯೂ. ಇವರು ನಕ್ಷೆ ಮಡಚಿ ಜೇಬಿನಲ್ಲಿಟ್ಟುಕೊಂಡು, ಮುಗಿದ ಆಟಕ್ಕೆ ಪೆನ್ನಿನಿಂದ ಗೀಟು ಹಾಕುತ್ತಿದ್ದರು. ಸಣ್ಣವನು ಅಣ್ಣನ ಕೈ ಹಿಡಿದು ಒಂದು ಗಂಟೆ ನಿಂತು ತುದಿ ತಲುಪಿದಾಗ ಅಲ್ಲಿದ್ದ ಹುಡುಗ ಅಳತೆಯ ಕೋಲು ತೋರಿಸಿ ವಾಪಸು ಕಳಿಸಿದ. ಆ ಹುಡುಗ ತನ್ನ ಕೆಲಸ ಸರಿಯಾಗಿ ಮಾಡಿದ. ಆದರೆ ಅಷ್ಟೂ ಜನರ ಎದುರು ಕೆಳಗಿಳಿದು ಬಂದ ನನ್ನ ಮಗ ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ಅತ್ತೆ ಮಂಡಿನೋವಿನವರು. ಎಲ್ಲರ ಚಪ್ಪಲಿ, ಬ್ಯಾಗು ಕಾಯುತ್ತಾ ಹನ್ನೊಂದರಿಂದ ಸಂಜೆಯವರೆಗೆ ಒಂದು ಕಲ್ಲುಬೆಂಚಿನ ಮೇಲೆ ಕೂತಿದ್ದರು. ಅವರಿಗೂ ಟಿಕೆಟ್ ಕೊಟ್ಟಿದ್ದೆವು.

ಸಂಜೆ ಕೊನೆಗೆ ಅಲೆಯ ಕೊಳಕ್ಕೆ ಬಂದೆವು. ಅಲ್ಲಿ ದಡದ ಹತ್ತಿರ ಸಣ್ಣವರಿಗೂ ಜಾಗ ಉಂಟು. ಸೈರನ್ ಕೂಗಿ ಅಲೆ ಎದ್ದಾಗ ನಾವು ಐವರೂ ಮೊದಲ ಸಲ ಒಟ್ಟಿಗೆ ನಿಂತಿದ್ದೆವು. ಅತ್ತೆ ಸೀರೆ ಸ್ವಲ್ಪ ಎತ್ತಿ ಹಿಡಿದು ಅಂಚಿನಲ್ಲಿ ಪಾದ ಇಟ್ಟರು. ನೀರು ತಾಗಿದ್ದೇ ಬೆರಳು ಅದ್ದಿ ನಾಲಿಗೆಗಿಟ್ಟು "ಇದರಲ್ಲಿ ಉಪ್ಪೇ ಇಲ್ಲ ಮಕ್ಕಳೇ" ಅಂದರು. ಉಳ್ಳಾಲದ ಕಡಲ ದಡದಲ್ಲಿ ಬೆಳೆದ ಹೆಂಗಸು ಅವರು. ಮಕ್ಕಳು ನಕ್ಕು ನಕ್ಕು ನೀರಿನಲ್ಲೇ ಬಿದ್ದರು. ಅತ್ತೆ ತೀರಿಕೊಂಡು ಒಂಬತ್ತು ವರ್ಷ ಆಯಿತು, ಇವತ್ತಿಗೂ ಮಕ್ಕಳು ಮನೆಗೆ ಬಂದರೆ ಆ ಮಾತು ಬಂದೇ ಬರುತ್ತದೆ. ಅವತ್ತು ಎಷ್ಟು ಆಟ ಆಡಿದೆವು ಎಂಬುದು ಯಾರಿಗೂ ನೆನಪಿಲ್ಲ.

ಆದ್ದರಿಂದ ನಿನಗೆ ಮೊದಲು ಹೇಳುವುದು ಎತ್ತರದ ವಿಷಯ. ಎಲ್ಲ ದೇಶದ ಪಾರ್ಕುಗಳಲ್ಲೂ ದೊಡ್ಡ ಆಟಗಳಿಗೆ ಎತ್ತರದ ಕಟ್ಟಳೆ ಉಂಟು. ಸುರಕ್ಷತೆಯ ಪಟ್ಟಿ, ಕಂಬಿ ಮೈಗೆ ಸರಿಯಾಗಿ ಕೂರಬೇಕಲ್ಲ, ಅದಕ್ಕೆ. 140 ಸೆಂಟಿಮೀಟರ್ ಸಾಮಾನ್ಯವಾಗಿ ಇಟ್ಟುಕೊಂಡಿರುವ ಗೆರೆ. ಬಿಡದಿಯಲ್ಲಿ ಮಕ್ಕಳ ಟಿಕೆಟ್ಟು, ದೊಡ್ಡವರ ಟಿಕೆಟ್ಟು ಎಂದು ಬೇರೆ ಮಾಡುವುದೂ ವಯಸ್ಸಿನಿಂದಲ್ಲ, ಎತ್ತರದಿಂದ. ನಿನ್ನ ದೊಡ್ಡವಳ ಹಾಗೆ ಒಂಬತ್ತು ವರ್ಷದ ಹುಡುಗಿ ಸಾಮಾನ್ಯವಾಗಿ 130ರ ಆಸುಪಾಸು ಇರುತ್ತಾಳೆ, ಸಣ್ಣವನ ಹಾಗೆ ಐದು ವರ್ಷದವನು 110ರ ಹತ್ತಿರ. ಅಬುಧಾಬಿಯ ಫೆರಾರಿ ವರ್ಲ್ಡ್ 2010ರಲ್ಲಿ ತೆರೆದಾಗ ಅಲ್ಲಿನ ಫಾರ್ಮುಲಾ ರೊಸ್ಸಾ ಜಗತ್ತಿನಲ್ಲೇ ಅತಿ ವೇಗದ ಕೋಸ್ಟರ್ ಆಗಿತ್ತು, ಗಂಟೆಗೆ 240 ಕಿಲೋಮೀಟರ್. ನಿನ್ನ ಮಗಳು ಕ್ಲಾಸಿನಲ್ಲಿ ಹೇಳಬೇಕೆಂದಿರುವ ಕಥೆ ಬಹುಶಃ ಅದೇ. ಈ ವರ್ಷ ಹೋದರೆ ಅವಳು ಅದರ ಬುಡದಲ್ಲಿ ನಿಂತು ನೋಡಬಹುದು ಅಷ್ಟೆ. ಮೂರು ಲಕ್ಷ ಕೊಟ್ಟು ಬುಡದಲ್ಲಿ ನಿಲ್ಲುವುದಕ್ಕೆ ಹೋಗುವುದು ಬೇಡ. ಎರಡು ಮೂರು ವರ್ಷ ಕಳೆಯಲಿ. ಅಬುಧಾಬಿಯಲ್ಲಿರುವ ನಿನ್ನ ಮೈದುನ ಆಗಲೂ ಅಲ್ಲಿಯೇ ಇರುತ್ತಾರೆ, ವಿಮಾನವೂ ಇರುತ್ತದೆ.

ಸದ್ಯಕ್ಕೆ ಬಿಡದಿಯ ವಂಡರ್‌ಲಾ ಸಾಕು. ಇದನ್ನು ಅಬುಧಾಬಿಯ ಬದಲಿಗೆ ಎಂದು ಅವಳಿಗೆ ಹೇಳಬೇಡ, ಬಿಡದಿಗೆ ಹೋಗುತ್ತಿದ್ದೇವೆ ಎಂದಷ್ಟೇ ಹೇಳು. ಅಲ್ಲಿ ಟಿಕೆಟ್ ದರ ದಿನ ನೋಡಿ ಬದಲಾಗುತ್ತದೆ. ವಾರಾಂತ್ಯ, ರಜೆಯ ದಿನ ಹೆಚ್ಚು, ಮಾಮೂಲಿ ದಿನ ಕಡಿಮೆ. ಶಾಲೆಗೆ ಬೇಸಿಗೆ ರಜೆ ಎಂದು ನಾವೆಲ್ಲ ಮೇ ತಿಂಗಳಲ್ಲೇ ಹೊರಡುತ್ತೇವೆ, ಬೆಂಗಳೂರಿನವರೂ ಆಗಲೇ ಬರುತ್ತಾರೆ, ಹಾಗಾಗಿ ದುಡ್ಡೂ ಜಾಸ್ತಿ, ಕ್ಯೂವೂ ಜಾಸ್ತಿ. ಫೆಬ್ರವರಿಯ ಒಂದು ಮಂಗಳವಾರ ಹೋಗು. ನಾಲ್ಕನೇ ಕ್ಲಾಸಿನ ಮಗುವಿಗೆ ಎರಡು ದಿನ ರಜೆ ಕೇಳಿದರೆ ಟೀಚರ್ ಇಲ್ಲ ಎನ್ನಲಿಕ್ಕಿಲ್ಲ. ಮಳೆಗಾಲ ಮಾತ್ರ ಬೇಡ. 2024ರ ಜುಲೈಯಲ್ಲಿ ಘಾಟಿಯ ಎಡಕುಮೇರಿಯ ಹತ್ತಿರ ಹಳಿಯ ಕೆಳಗಿನ ಮಣ್ಣು ಕುಸಿದು ರೈಲುಗಳೇ ನಿಂತದ್ದು ನಿನಗೆ ನೆನಪಿರಬಹುದು. ಶಿರಾಡಿಯ ರಸ್ತೆಯನ್ನೂ ಆ ದಿನಗಳಲ್ಲಿ ನಂಬಲಾಗದು.

ಹೋಗುವಾಗ ರಾತ್ರಿ ಬಸ್ಸು ಆಗಲಿ, ಬರುವಾಗ ಹಗಲು ರೈಲು ಹಿಡಿಯಿರಿ. ಇದು ಸಣ್ಣವನಿಗಾಗಿ ಹೇಳುತ್ತಿದ್ದೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಸುಮಾರು 55 ಕಿಲೋಮೀಟರ್, ಅಷ್ಟರೊಳಗೆ 57 ಸುರಂಗ. 2021ರಲ್ಲಿ ಈ ದಾರಿಯ ಹಗಲು ರೈಲಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಜೋಡಿಸಿದರು, ಅದರ ದರ ಜಾಸ್ತಿ. ಸಾಮಾನ್ಯ ಬೋಗಿಯ ಕಿಟಕಿಯೂ ಸಾಕು. ಕತ್ತಲಾದ ಕೂಡಲೇ ಕೂಗಿ, ಬೆಳಕಾದ ಕೂಡಲೇ ಒಂದು ಬೆರಳು ಮಡಚಿ ಎಣಿಸಲಿಕ್ಕೆ ಅವನಿಗೆ ಹೇಳಿಕೊಡು. ಅಲ್ಲಿ ಎತ್ತರದ ಕೋಲು ಹಿಡಿದವರು ಯಾರೂ ಇಲ್ಲ. ಪಾರ್ಕಿನಲ್ಲಿ ಅಕ್ಕನ ದಿನವಾದರೆ ರೈಲಿನಲ್ಲಿ ಅವನ ದಿನ.

ನೀರಿನ ಆಟಕ್ಕೆ ಹತ್ತಿಯ ಬಟ್ಟೆ ಬಿಡುವುದಿಲ್ಲ, ನೈಲಾನ್ ಉಡುಪು ಇಲ್ಲಿಂದಲೇ ಒಯ್ಯಿ. ಬೆಳಿಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದೇ ಒಳಗೆ ಹೋಗಿ, ಹೊಟ್ಟೆ ಗಟ್ಟಿ ಇರುತ್ತದೆ.

ಇನ್ನು ದುಡ್ಡು. ಟಿಕೆಟ್, ಪ್ರಯಾಣ, ಒಂದು ರಾತ್ರಿ ಲಾಡ್ಜ್, ಊಟ ಸೇರಿ ಇಪ್ಪತ್ತು ಸಾವಿರದೊಳಗೆ ಮುಗಿಯಬಹುದು ಎಂದು ನನ್ನ ಅಂದಾಜು. ಅದಕ್ಕೆ ಬಳೆ ಬೇಡ, ಕ್ರೆಡಿಟ್ ಕಾರ್ಡ್ ಬೇಡ. ನಾವು ಪಿಗ್ಮಿಯ ಊರಿನವರು ಮಾರಾಯ್ತಿ. ಉಡುಪಿಯಲ್ಲಿ 1925ರಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಮನೆಬಾಗಿಲಿಗೆ ಬಂದು ತೆಗೆದುಕೊಳ್ಳುತ್ತಿದ್ದರು. ನೇಕಾರರು, ಮೀನು ಮಾರುವವರು, ಸಣ್ಣ ಅಂಗಡಿಯವರು ಹಾಗೆ ಕೂಡಿಟ್ಟು ಮಕ್ಕಳನ್ನು ಓದಿಸಿದರು. 2020ರಲ್ಲಿ ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಆದರೆ ಪಿಗ್ಮಿ ಸಂಗ್ರಹದವರು ಸೊಸೈಟಿಗಳಿಂದ ಈಗಲೂ ನಮ್ಮ ಬೀದಿಗೆ ಬರುತ್ತಾರೆ. ದಿನಕ್ಕೆ 50 ರೂಪಾಯಿ ಕಟ್ಟಿದರೆ ವರ್ಷಕ್ಕೆ 18,250. ಮಗಳ ಕೈಯಿಂದಲೇ ಕೊಡಿಸು, ಚೀಟಿ ಅವಳೇ ಇಟ್ಟುಕೊಳ್ಳಲಿ. ಈ ಪ್ರಯಾಣಕ್ಕೆ ದುಡ್ಡು ಎಲ್ಲಿಂದ ಬಂತು ಎಂಬುದು ಅವಳಿಗೆ ಗೊತ್ತಿರುತ್ತದೆ. ನಿಮಗಿಬ್ಬರಿಗೂ ಗೇಟಿನಲ್ಲಿ ವಸೂಲಿಯ ಯೋಚನೆ ಬರುವುದಿಲ್ಲ, ಆ ದುಡ್ಡು ಆಗಲೇ ಒಂದು ವರ್ಷದ ಹಿಂದಿನಿಂದ ಈ ದಿನಕ್ಕೆಂದೇ ತೆಗೆದಿಟ್ಟದ್ದು. ಅವಳು ಇಡೀ ದಿನ ಅಲೆಯ ಕೊಳದಲ್ಲೇ ಇರುತ್ತೇನೆ ಅಂದರೂ ಇರಲಿ ಎಂದು ನೀವು ದಡದಲ್ಲಿ ಕೂರಬಹುದು.

ನಿನ್ನ ಯಜಮಾನರಿಗೆ ಇದು ಓದಿ ಹೇಳು. ಮೈದುನನಿಗೆ ಮುಜುಗರ ಇಲ್ಲದೆ ಬರೆಯಿರಿ, ಮಕ್ಕಳು ಸ್ವಲ್ಪ ಉದ್ದ ಆಗಲಿ, ಆಮೇಲೆ ಬರುತ್ತೇವೆ ಅಂತ. ತಮ್ಮನಿಗೆ ಅರ್ಥ ಆಗದೇ ಇರುವ ಮಾತಲ್ಲ ಅದು.

ಒಂದು ಕೆಲಸ ಮಾತ್ರ ಇವತ್ತೇ ಮಾಡು. ಇಬ್ಬರನ್ನೂ ಬರಿಗಾಲಿನಲ್ಲಿ ಅಡುಗೆಮನೆಯ ದಾರಂದಕ್ಕೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಪಟ್ಟಿ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆ, ಪಕ್ಕದಲ್ಲಿ ತಾರೀಕು ಬರೆ. 140ರಲ್ಲಿ ಇನ್ನೊಂದು ಗೆರೆ ಕೆಂಪು ಪೆನ್ಸಿಲಿನಿಂದ ಹಾಕಿ, ಅದು ಎಂತಕ್ಕೆ ಎಂದು ಮಗಳಿಗೆ ಹೇಳು. ಅಳತೆ ಎಷ್ಟು ಬಂತೆಂದು ಮುಂದಿನ ಕಾಗದದಲ್ಲಿ ತಪ್ಪದೆ ಬರೆ. ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಗೆಳತಿ