ಅಜ್ಜಿ ಕೊಟ್ಟ ಟ್ರೇ

ಓಸ್ಲೋದಲ್ಲಿ ನವೆಂಬರ್ ಬಂತೆಂದರೆ ನಾಲ್ಕು ಗಂಟೆಗೆಲ್ಲ ಕತ್ತಲು. ಆಫೀಸು ಬಿಟ್ಟರೆ ಮನೆ, ಮನೆಯಲ್ಲೂ ಲ್ಯಾಪ್‌ಟಾಪು. ನನ್ನ ಪಾಡು ನೋಡಲಾಗದೆ ಕೆಳಗಿನ ಮನೆಯ ಅಜ್ಜಿ ಒಂದು ಶನಿವಾರ ಕರೆದು, ನೀಲಿ ಬಣ್ಣದ ಹಳೇ ಮರದ ಟ್ರೇ ಕೈಗಿಟ್ಟರು. ‘ಕೂತ್ಕೋ, ರೋಸ್‌ಮಾಲಿಂಗ್ ಕಲಿಸ್ತೀನಿ.’ (ಇಲ್ಲಿ ಎಷ್ಟೇ ದೊಡ್ಡವರನ್ನೂ ಹೆಸರು ಹಿಡಿದೇ ಕರೀತಾರೆ. ನನಗೆ ನಾಲಿಗೆ ಹೊರಳಲ್ಲ, ಮನಸ್ಸಿನಲ್ಲಿ ಅಜ್ಜಿ ಅಂದುಕೊಂಡೇ ಮಾತಾಡ್ತೀನಿ.)

ರೋಸ್‌ಮಾಲಿಂಗ್ ಅಂದರೆ ನಾರ್ವೆಯ ಹಳ್ಳಿಗಳ ಚಿತ್ತಾರ. 18ನೇ ಶತಮಾನದಲ್ಲಿ ಬೆಳೆದದ್ದು. ಜಮೀನಿಲ್ಲದ ಎಷ್ಟೋ ಬಡ ಕಲಾವಿದರು ಊರೂರು ತಿರುಗಿ, ಊಟ, ಮಲಗಲು ಜಾಗ, ಒಂದಿಷ್ಟು ಕೂಲಿಗೆ ರೈತರ ಮನೆಯ ಗೋಡೆ, ಪೆಟ್ಟಿಗೆ, ಬೋಗುಣಿಗಳ ಮೇಲೆ ಬಳ್ಳಿ ಬರೆದರು. ಸೀಮೆಗೊಂದು ಶೈಲಿ. ಹಾಲಿಂಗ್‌ಡಾಲ್‌ನದು ಎಡಬಲ ಸಮನಾಗಿ ಕೂತಿರುತ್ತೆ. ಅಜ್ಜಿಯದು ಟೆಲೆಮಾರ್ಕ್. ಒಂದೇ ಬುಡದಿಂದ ‘ಸಿ’, ‘ಎಸ್’ ಆಕಾರದ ಬಳ್ಳಿಗಳು ಹೊರಟು ಇಷ್ಟ ಬಂದ ಕಡೆ ಹಬ್ಬುತ್ತವೆ, ಎಡಕ್ಕಿದ್ದದ್ದು ಬಲಕ್ಕೂ ಇರಬೇಕು ಅಂತಿಲ್ಲ.

ಅದೇ ನನಗೆ ಆಗದ್ದು. ಕೋಡ್‌ನಲ್ಲಿ ಒಂದು ಸ್ಪೇಸ್ ಹೆಚ್ಚಾದರೂ ಸಹಿಸದವನು ನಾನು. ಬ್ರಶ್ ಹಗುರವಾಗಿ ಊರಿ, ತಿರುವಿನ ಹೊಟ್ಟೆಯಲ್ಲಿ ಒತ್ತಿ, ತುದಿಗೆ ಬರುತ್ತಾ ಎತ್ತಬೇಕು. ಅಮ್ಮ ರಂಗೋಲಿ ಎಳೆ ಬಿಟ್ಟ ಹಾಗೆ, ನಡುವೆ ಕೈ ನಿಲ್ಲಬಾರದು. ನನ್ನ ಕೈ ನಿಲ್ಲುತ್ತಿತ್ತು. ಬಳ್ಳಿ ಸೊಟ್ಟಗಾದಾಗಲೆಲ್ಲ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯೋದು. ‘ಬಿಡು, ಮುಂದೆ ಹೋಗು’ ಅಂತ ಅಜ್ಜಿ ಎರಡು ಸಲ ಹೇಳಿದರು. ಅವರು ಕಾಫಿಗೆ ಎದ್ದಾಗ ಏಳನೇ ಸಲವೋ ಎಂಟನೇ ಸಲವೋ ಉಜ್ಜಿದೆ. ನೀಲಿಯೇ ಎದ್ದು ಬಂತು. ಬೆರಳುದ್ದ ಬರೀ ಮರ.

ಅಜ್ಜಿ ಬಂದು ನೋಡಿದರು. ಸ್ವಲ್ಪ ಹೊತ್ತು ಮಾತಿಲ್ಲ.

‘ಇದು ನಮ್ಮಮ್ಮ ಬಳಿದ ಬಣ್ಣ. ಬಳ್ಳಿ ಬರೆಯೋಕೆ ಅವಳಿಗೆ ಪುರುಸೊತ್ತೇ ಆಗಲಿಲ್ಲ.’

ಹೊಟ್ಟೆಯೊಳಗೆ ಏನೋ ಕುಸಿದಂತಾಯ್ತು. ಅದೇ ನೀಲಿ ಹುಡುಕಿ ತಂದು ಪೂರ್ತಿ ಬಳಿದುಕೊಡ್ತೀನಿ ಅಂದೆ. ಬೇಡ ಅಂದರು. ಬಟ್ಟೆಯನ್ನು ಮಾತ್ರ ಎತ್ತಿ ತಮ್ಮ ಏಪ್ರನ್ ಜೇಬಿಗೆ ಹಾಕಿಕೊಂಡು, ಬ್ರಶ್ ನನ್ನ ಕಡೆ ಚಾಚಿದರು.

ಮುಗಿಸೋಕೆ ಆರು ಶನಿವಾರ ಹಿಡೀತು. ಒಂದು ಬಳ್ಳಿ ಈಗಲೂ ಸೊಟ್ಟಗೇ ಇದೆ. ಈಗ ಅಜ್ಜಿ ಅದರಲ್ಲೇ ಕಾಫಿ ತರ್ತಾರೆ. ನಾನು ನನ್ನ ಕಪ್ಪನ್ನು ಬಣ್ಣ ಹೋದ ಜಾಗದ ಮೇಲೆ ಇಡ್ತೀನಿ. ಅವರು ಮಾತಾಡ್ತಾನೇ ಅದನ್ನೆತ್ತಿ ಪಕ್ಕಕ್ಕಿಡ್ತಾರೆ.