ಎಡಗಡೆಯ ಕುರ್ಚಿ

ಮಗನೋ ಮಗಳೋ ವಿಮಾನ ನಡೆಸುವ ವೃತ್ತಿಗೆ ಹೋಗಬೇಕೆಂದು ಹಂಬಲಿಸುವುದು ಈಗ ದೊಡ್ಡ ನಗರಗಳ ಸಿರಿವಂತರಿಗಷ್ಟೇ ಸೇರಿದ ಸಂಗತಿಯಾಗಿ ಉಳಿದಿಲ್ಲ. ಒಕ್ಕಲುತನದ ಮನೆಗಳಲ್ಲಿ, ಅಡತಿ ಅಂಗಡಿಯವರಲ್ಲಿ, ಶಾಲಾ ಶಿಕ್ಷಕರ ಕುಟುಂಬಗಳಲ್ಲಿಯೂ ಈ ಮಾತು ಕೇಳಿಬರುತ್ತಿದೆ. ಲೈಸನ್ಸು ಕೈಗೆ ಬಂದರೆ ನೌಕರಿಯೂ ಬಂದಂತೆಯೇ ಎಂದು ಹಿರಿಯರು ಭಾವಿಸಿರುತ್ತಾರೆ. ಹಾಗಿಲ್ಲ. ಇನ್ನೂರು ತಾಸುಗಳ ಹಾರಾಟ ಮುಗಿಸಿ, ಪಥನಿರ್ಣಯ, ಹವಾಮಾನ ಶಾಸ್ತ್ರ, ವಾಯುಯಾನ ನಿಯಮಗಳು ಮೊದಲಾದ ವಿಷಯಗಳಲ್ಲಿ ನೂರಕ್ಕೆ ಎಪ್ಪತ್ತರಂತೆ ಅಂಕ ಗಳಿಸಿ ಲೈಸನ್ಸು ಪಡೆದ ಮೇಲೆಯೂ ವಿಮಾನ ಸಂಸ್ಥೆಯ ಆಯ್ಕೆಯೆಂಬ ಹೊಸ್ತಿಲನ್ನು ದಾಟುವುದು ಬಾಕಿ ಇರುತ್ತದೆ. ಮಠದಲ್ಲಿ ಸಂಸ್ಕೃತ ವ್ಯಾಕರಣ ಓದಿ ಬೆಳೆದವನಿಗೆ ಈ ವಿಷಯದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಅಣ್ಣನವರ ಮೊಮ್ಮಗ ಕಳೆದ ವರ್ಷ ಎರಡು ತಿಂಗಳು ನಮ್ಮ ಮನೆಯಲ್ಲಿದ್ದು ಈ ಹೊಸ್ತಿಲಿಗಾಗಿ ಸಿದ್ಧತೆ ಮಾಡಿಕೊಂಡನು. ಆ ಸಿದ್ಧತೆಯಲ್ಲಿ ನನಗೂ ಒಂದು ಪಾತ್ರ ದೊರೆಯಿತು.

ಹುಡುಗನ ತರಬೇತಿಗಾಗಿ ಅಣ್ಣನವರು ನಾಲ್ಕು ಎಕರೆ ಹೊಲವನ್ನು ಒತ್ತೆಯಿಟ್ಟಿದ್ದರು. ಬ್ಯಾಂಕಿನ ಸಾಲ ಬೇರೆ. ಮೊದಲನೆಯ ಸಂಸ್ಥೆಯ ಆಯ್ಕೆಯಲ್ಲಿ ಅವನು ಲಿಖಿತ ಪರೀಕ್ಷೆಯನ್ನೂ ಮನೋಸಾಮರ್ಥ್ಯದ ಪರೀಕ್ಷೆಯನ್ನೂ ದಾಟಿ, ಸಿಮ್ಯುಲೇಟರಿನ ಹಂತದಲ್ಲಿ ಹಿಂದಿರುಗಿದನು. ಕಾರಣವನ್ನು ಅವರು ತಿಳಿಸಲಿಲ್ಲ. ಆದರೆ ಕಾರಣ ಅವನಿಗೆ ಗೊತ್ತಿತ್ತು. ಒಂದು ರಾತ್ರಿ ಊಟವಾದ ಮೇಲೆ ತಾನಾಗಿಯೇ ಹೇಳಿದನು. ಅಲ್ಲಿ ಅಭ್ಯರ್ಥಿಗಳನ್ನು ಇಬ್ಬಿಬ್ಬರಂತೆ ಒಳಗೆ ಕೂರಿಸುತ್ತಾರೆ. ಒಬ್ಬನು ವಿಮಾನ ನಡೆಸುತ್ತಿರುವಾಗ ಮತ್ತೊಬ್ಬನು ಗಮನಿಸುತ್ತ ನೆರವಾಗಬೇಕು. ಬಳಿಕ ಪಾತ್ರಗಳು ಬದಲಾಗುತ್ತವೆ. ಇವನ ಜೊತೆಗಿದ್ದವರು ಇವನಿಗಿಂತ ಹತ್ತು ವರ್ಷ ಹಿರಿಯರು, ಅನುಭವಸ್ಥರು. ಇಳಿಯುವ ಹೊತ್ತಿನಲ್ಲಿ ಅವರ ವೇಗ ಕುಗ್ಗುತ್ತಿರುವುದು ಇವನ ಕಣ್ಣಿಗೆ ಬಿತ್ತು. "ದೊಡ್ಡವ್ರು ಅದಾರ, ಅವ್ರಿಗೆ ಗೊತ್ತಿರ್ತೇತಿ ಅಂತ ಸುಮ್ಮ ಕುಂತೆ ಅಜ್ಜಾರ," ಎಂದನು.

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಹಿರಿಯರೆದುರು ಸುಮ್ಮನಿರುವುದನ್ನು ಕಲಿಸಿದವರು ನಾವೇ ಅಲ್ಲವೇ? ಅದನ್ನು ಸದ್ಗುಣವೆಂದೇ ಕಲಿಸಿದ್ದೇವೆ. ಈಗಲೂ ನಾನು ಅದನ್ನು ಸದ್ಗುಣವೆಂದೇ ಎಣಿಸುತ್ತೇನೆ. ಆದರೆ ನೂರೆಂಬತ್ತು ಜನರನ್ನು ಹೊತ್ತು ಇಳಿಯುವ ವಿಮಾನದಲ್ಲಿ ಅದಕ್ಕೆ ಎಡೆಯಿಲ್ಲ.

ಸಿಮ್ಯುಲೇಟರೆಂದರೆ ನೆಲದ ಮೇಲೆಯೇ ನಿಂತು ಹಾರಾಟದ ಅನುಭವವನ್ನೆಲ್ಲ ಕೊಡುವ ಯಂತ್ರ. ಅದರ ಮೂಲವನ್ನು ಕೇಳಿದಾಗ ನನಗೆ ಸೋಜಿಗವಾಯಿತು. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನ ತಂದೆ ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದನು. ನಮ್ಮ ಹಾರ್ಮೋನಿಯಮ್ಮಿನಂತೆಯೇ ಅದೂ ಗಾಳಿಯ ತಿದಿಗಳಿಂದ ನುಡಿಯುವ ವಾದ್ಯ. ಮಗನು ಅದೇ ತಿದಿಗಳನ್ನು ಒಂದು ಪುಟ್ಟ ಮರದ ವಿಮಾನದ ಕೆಳಗೆ ಜೋಡಿಸಿ, ಗಾಳಿ ತುಂಬಿ ಬಿಟ್ಟು, ಅದು ಓಲಾಡುವಂತೆ 1929ರಲ್ಲಿ ರಚಿಸಿದನು. ಮೊದಮೊದಲು ಅದನ್ನು ಕೊಂಡವರು ಜಾತ್ರೆಯ ಆಟಗಳಂಥ ವಿನೋದ ನಡೆಸುವವರು. 1934ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂಚೆ ಸಾಗಿಸುವ ಹೊಣೆ ಬಿದ್ದು, ಮಂಜು ಮಳೆಗಳಲ್ಲಿ ಉಪಕರಣ ನೋಡಿ ಹಾರಲು ಅರಿಯದ ಚಾಲಕರು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಮಡಿದಾಗ, ಈ ಆಟಿಕೆಯ ಬೆಲೆ ತಿಳಿಯಿತು. ಇಂದಿನ ಯಂತ್ರ ಆರು ಕಾಲುಗಳ ಮೇಲೆ ನಿಂತ ದೊಡ್ಡ ಕೋಣೆ. ಓಟ ಹೆಚ್ಚಿದಂತೆ ತೋರಿಸಬೇಕಾದಾಗ ಅದು ಕೋಣೆಯನ್ನು ತುಸು ಹಿಂದಕ್ಕೆ ಬಾಗಿಸುತ್ತದೆ. ಬೆನ್ನು ಕುರ್ಚಿಗೆ ಒತ್ತುತ್ತದೆ, ಕಣ್ಣೆದುರಿಗೆ ರನ್‌ವೇ ಓಡುತ್ತದೆ, ಮನಸ್ಸು ನಂಬಿಬಿಡುತ್ತದೆ.

ಆಯ್ಕೆಯ ದಿನ ಅಲ್ಲಿ ಸಾಹಸವನ್ನು ನೋಡುತ್ತಾರೆಂದು ನಾನು ಮೊದಲು ತಿಳಿದಿದ್ದೆನು. ಹುಡುಗ ವಿವರಿಸಿದ ಬಗೆ ಬೇರೆ. ಅನೇಕ ಸಂಸ್ಥೆಗಳು ತಾನೇ ಹಾರುವ ಆಟೋಪೈಲಟ್ಟನ್ನೂ ದಾರಿ ತೋರಿಸುವ ಗೆರೆಗಳನ್ನೂ ತೆಗೆದುಬಿಟ್ಟು, ಬರಿಯ ಉಪಕರಣಗಳನ್ನು ನೋಡಿ ನಡೆಸಲು ಹೇಳುತ್ತವೆ. ಎತ್ತರ ಬಿಡದಂತೆ ಓರೆಯಾಗಿ ತಿರುಗು; ಹೇಳಿದ ಸ್ಥಳದ ಮೇಲೆ ಸುತ್ತು ಹೊಡೆಯುತ್ತ ಕಾಯು; ರೇಡಿಯೋ ಕಿರಣದ ಜಾಡು ಹಿಡಿದು ಇಳಿ; ಇಳಿಯಲು ಆಗದಿದ್ದರೆ ಮತ್ತೆ ಮೇಲೇರು. ತಪ್ಪು ಎಲ್ಲರಿಂದಲೂ ಆಗುತ್ತದೆ. ನೂರಡಿ ಎತ್ತರ ತಪ್ಪಿತೆನ್ನಿ. ಅದನ್ನು ಎಷ್ಟು ಬೇಗ ಕಂಡನು, ಗಾಬರಿಯಿಲ್ಲದೆ ಸರಿಪಡಿಸಿದನೇ, ಅಥವಾ ತಪ್ಪಿದ್ದನ್ನೇ ನೆನೆಯುತ್ತ ಮುಂದಿನದನ್ನೂ ಕೆಡಿಸಿದನೇ ಎಂಬುದನ್ನು ಪರೀಕ್ಷಕರು ನೋಡುತ್ತಾರೆ. ಇವರು ತರಬೇತಿ ಪಡೆದುದು ಹೆಚ್ಚೆಂದರೆ ಒಂದು ಟನ್ನಿನ ಆಸುಪಾಸು ತೂಗುವ ಪುಟ್ಟ ವಿಮಾನಗಳಲ್ಲಿ. ಪರೀಕ್ಷೆಯ ಯಂತ್ರವಾದರೋ ಎಪ್ಪತ್ತು ಟನ್ನು ಮೀರುವ ವಿಮಾನದ್ದು. ಅದರಲ್ಲಿ ಎಲ್ಲವೂ ಇಮ್ಮಡಿ ವೇಗದಲ್ಲಿ ಎದುರಾಗುತ್ತದೆ, ಕೈಯ ಅಪ್ಪಣೆಗೆ ವಿಮಾನದ ಉತ್ತರ ಮಾತ್ರ ತಡವಾಗಿ ಬರುತ್ತದೆ. ಆದುದರಿಂದ ಮೂಗು ಎಷ್ಟು ಡಿಗ್ರಿ ಎತ್ತಿದ್ದರೆ, ಇಂಜಿನ್ನಿಗೆ ಎಷ್ಟು ಬಲ ಕೊಟ್ಟರೆ ಯಾವ ವೇಗ ನಿಲ್ಲುತ್ತದೆಂಬ ಲೆಕ್ಕ ಮೊದಲೇ ಬಾಯಿಗೆ ಬಂದಿರಬೇಕು.

ಬಾಯಿಪಾಠವೆಂದೊಡನೆ ನನ್ನ ಕಿವಿ ನಿಮಿರಿತು. ಅಮರಕೋಶವನ್ನು ಅರ್ಥ ತಿಳಿಯುವ ಮೊದಲೇ ಕಂಠಸ್ಥ ಮಾಡಿದವರು ನಾವು. ಇಂದಿನ ಶಿಕ್ಷಣತಜ್ಞರು ಕಂಠಪಾಠವನ್ನು ಹಳಿಯುವುದೇ ಒಂದು ಫ್ಯಾಶನ್ನಾಗಿದೆ. ಅವರು ಒಮ್ಮೆ ಈ ಹುಡುಗರ ಬಳಿ ಕುಳಿತು ನೋಡಬೇಕು. ಇಳಿಯಲು ಬೇಕಾಗುವ ದೂರ ಎಷ್ಟು? ಎತ್ತರದ ಸಾವಿರಗಳನ್ನು ಮೂರರಿಂದ ಗುಣಿಸು. ಮೂವತ್ತು ಸಾವಿರ ಅಡಿಯಿಂದ ಇಳಿಯಲು ಸುಮಾರು ತೊಂಬತ್ತು ನಾಟಿಕಲ್ ಮೈಲಿ. ಮೂರು ಡಿಗ್ರಿಯ ಇಳಿಜಾರಿನಲ್ಲಿ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕು? ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸು. 140 ನಾಟ್ ಇದ್ದರೆ 700 ಅಡಿ. ಇದು ನಮ್ಮ ಮಗ್ಗಿಯೇ. ಬೆಳಿಗ್ಗೆ ನಾನು ಹೂ ಕೊಯ್ಯುತ್ತಿರುವಾಗ ಅವನು ಹಿತ್ತಲಲ್ಲಿ ಅಡ್ಡಾಡುತ್ತ ಇವುಗಳನ್ನು ಒಪ್ಪಿಸುತ್ತಿದ್ದನು. ನಾನು ನಡುನಡುವೆ ಒಂದು ಸಂಖ್ಯೆ ಎಸೆಯುತ್ತಿದ್ದೆನು. ಹದಿನೈದು ದಿನಗಳಲ್ಲಿ ಅವನ ಉತ್ತರ ನನ್ನ ಪ್ರಶ್ನೆಯ ಬಾಲವನ್ನೇ ಹಿಡಿದು ಬರತೊಡಗಿತು. ಲೆಕ್ಕಕ್ಕೆ ಮನಸ್ಸು ಖರ್ಚಾಗದಿದ್ದರೆ ನೋಡುವುದಕ್ಕೆ, ಕೇಳುವುದಕ್ಕೆ, ಮಾತನಾಡುವುದಕ್ಕೆ ಅದು ಉಳಿಯುತ್ತದೆ. ಕಂಠಪಾಠದ ಪ್ರಯೋಜನ ಅಷ್ಟೇ, ಆದರೆ ಅದು ಸಣ್ಣದಲ್ಲ.

ಕೈಗೂ ಪಾಠ ಬೇಕು. ವಿಮಾನದ ಮುಂಭಾಗದ ಉಪಕರಣಗಳ ದೊಡ್ಡ ಚಿತ್ರವೊಂದನ್ನು ನನ್ನ ಪುಸ್ತಕದ ಕಪಾಟಿನ ಬಾಗಿಲಿಗೆ ಅಂಟಿಸಿ, ಎದುರಿಗೆ ಎರಡು ಕುರ್ಚಿ ಹಾಕಿಕೊಂಡನು. ಹೀಗೆ ಕುಳಿತಲ್ಲೇ ಮನಸ್ಸಿನಲ್ಲಿ ಹಾರುವುದು ಚಾಲಕರಲ್ಲಿ ಬಳಕೆಯಲ್ಲಿರುವ ಅಭ್ಯಾಸವಂತೆ. ಎಡಗಡೆಯ ಕುರ್ಚಿ ಕ್ಯಾಪ್ಟನ್ನರದು. ಅದರಲ್ಲಿ ನನ್ನನ್ನು ಕೂರಿಸಿದನು. ನಾನು ತಪ್ಪು ಮಾಡಬೇಕು. ಅವನು ತಪ್ಪದೆ ಹೇಳಬೇಕು. ಇದು ನಮ್ಮ ಒಪ್ಪಂದ.

ಈ ಅಭ್ಯಾಸ ಹುಡುಗಾಟವಲ್ಲವೆಂಬುದಕ್ಕೆ ಎರಡು ಸಂಗತಿಗಳನ್ನು ಹೇಳಬೇಕು. 1977ರ ಮಾರ್ಚ್ 27ರಂದು ಸ್ಪೇನಿನ ತೆನೆರಿಫೆ ದ್ವೀಪದಲ್ಲಿ ಮಂಜು ಕವಿದ ರನ್‌ವೇಯ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಅನುಮತಿಯಿಲ್ಲದೆ ಓಟ ಆರಂಭಿಸಿದ ಡಚ್ ವಿಮಾನದ ಕ್ಯಾಪ್ಟನ್ ಆ ಸಂಸ್ಥೆಯ ಅತ್ಯಂತ ಹಿರಿಯರಲ್ಲೊಬ್ಬರು, ಇತರರಿಗೆ ತರಬೇತಿ ಕೊಡುತ್ತಿದ್ದವರು. ಎದುರಿನ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಹಿಂದೆ ಕುಳಿತ ಫ್ಲೈಟ್ ಇಂಜಿನಿಯರ್ ಕೇಳಿದರು. ಬಿಟ್ಟಿದೆಯೆಂದು ಕ್ಯಾಪ್ಟನ್ ಒತ್ತಿ ಹೇಳಿದರು. ಮತ್ತೆ ಯಾರೂ ಮಾತನಾಡಲಿಲ್ಲ. ಇಂಥ ದುರಂತಗಳ ಬಳಿಕವೇ ಚಾಲಕರ ಕೋಣೆಯೊಳಗಿನ ಮಾತುಕತೆಯನ್ನು ಒಂದು ವಿದ್ಯೆಯಾಗಿ ಕಲಿಸತೊಡಗಿದರು.

ಎರಡನೆಯದು ನಮ್ಮ ನಾಡಿನದೇ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇಯನ್ನು ಮೀರಿ ಕಣಿವೆಗೆ ಬಿದ್ದು 158 ಜನ ಅಸುನೀಗಿದರು. ಬದುಕುಳಿದವರು ಎಂಟು ಮಂದಿ. ಹಾರಾಟದ ಬಹುಭಾಗ ಕ್ಯಾಪ್ಟನ್ ನಿದ್ರಿಸಿದ್ದರೆಂದೂ, ವಿಮಾನ ಬಹಳ ಎತ್ತರದಲ್ಲಿಯೇ ಬರುತ್ತಿದ್ದಾಗ ಮತ್ತೆ ಮೇಲೇರಬೇಕೆಂದು ಸಹಚಾಲಕರು ಮೂರು ಬಾರಿ ಕೂಗಿದರೂ ಅವರು ಇಳಿಸುವುದನ್ನು ಬಿಡಲಿಲ್ಲವೆಂದೂ ತನಿಖೆಯಿಂದ ತಿಳಿದುಬಂದಿತು. ಗಮನಿಸಿರಿ, ಇಲ್ಲಿ ಕಿರಿಯರು ಸುಮ್ಮನಿರಲಿಲ್ಲ, ಮಾತನಾಡಿದರು. ಮಾತು ಸಾಲಲಿಲ್ಲ. ಆದುದರಿಂದ ಕಿರಿಯನಿಗೆ ಮಾತನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದನ್ನು ಕಲಿಸುತ್ತಾರೆ. ಮೊದಲು ಕಂಡುದನ್ನು ಹೇಳು. ಕಿವಿಗೊಡದಿದ್ದರೆ ಏನು ಮಾಡಬೇಕೆಂದು ಸೂಚಿಸು. ಆಮೇಲೆ ಒತ್ತಾಯಿಸು. ಕೊನೆಗೆ "ಐ ಹ್ಯಾವ್ ಕಂಟ್ರೋಲ್" ಎಂದು ಹತೋಟಿಯನ್ನೇ ಕೈಗೆ ತೆಗೆದುಕೋ.

ನಮ್ಮ ಕಪಾಟಿನ ಮುಂದೆ ಇದು ನಡೆದ ರೀತಿಯನ್ನು ಏನು ಹೇಳಲಿ! ನಾನು ಬೇಕೆಂದೇ "ವೇಗ 140, 132, 125" ಎಂದು ಇಳಿಸುತ್ತ ಹೋದರೆ, ಹುಡುಗನು ಚಡಪಡಿಸಿ, "ಅಜ್ಜಾರ, ಸ್ವಲ್ಪ ವೇಗ... ನೋಡ್ರಲ್ಲಾ," ಎನ್ನುತ್ತಿದ್ದನು. "ಏನು ನೋಡಲಿ? ನನಗೆ ಗೊತ್ತಿಲ್ಲವೇ?" ಎಂದು ಗದರಿದೊಡನೆ ಬಾಯಿ ಮುಚ್ಚುತ್ತಿತ್ತು. ನಮ್ಮ ಮನೆಯಾಕೆ ಅಡುಗೆಮನೆಯಿಂದ, "ಹಿರೇರಿಗೆ ಎದರಾಡೂದ ಕಲಸಾಕತ್ತೀರೇನು?" ಎಂದು ಕೇಳಿದ್ದೂ ಉಂಟು. ಅವಳ ಆಕ್ಷೇಪ ನ್ಯಾಯವಾದುದೇ. ನಾನು ಅವನಿಗೆ ಹೇಳಿದ್ದಿಷ್ಟು: ಶಾಸ್ತ್ರಪಾಠದಲ್ಲಿ ಗುರುಗಳು ಪದ ತಪ್ಪಿ ಉಚ್ಚರಿಸಿದರೆ ನಾವು ಗುರುಗಳನ್ನು ತಿದ್ದುತ್ತಿರಲಿಲ್ಲ, ಗ್ರಂಥದ ಪುಟವನ್ನು ಅವರ ಕಡೆಗೆ ತಿರುಗಿಸಿ ಸಾಲಿನ ಮೇಲೆ ಬೆರಳಿಡುತ್ತಿದ್ದೆವು. ನೀನೂ ನನ್ನನ್ನು ನೋಡಬೇಡ, ಮುಳ್ಳನ್ನು ನೋಡಿ ಹೇಳು. ಮರುದಿನದಿಂದ ಅವನ ಮಾತಿನಲ್ಲಿ 'ಸ್ವಲ್ಪ' ಹೋಯಿತು, 'ನೋಡ್ರಲ್ಲಾ' ಹೋಯಿತು. "ಸ್ಪೀಡ್," ಎಂಬ ಒಂದೇ ಪದ ಉಳಿಯಿತು. ಒಂದು ಸಂಜೆ ನಾನು ಸಾವಿರ ಅಡಿಯಲ್ಲಿಯೂ ವೇಗ, ಇಳಿಜಾರು ಯಾವುದನ್ನೂ ಸರಿಪಡಿಸದೆ ಹಟ ಹಿಡಿದಾಗ, ಅವನು ನನ್ನ ಕೈಯನ್ನು ಮೆಲ್ಲಗೆ ಸರಿಸಿ ಹತೋಟಿ ತೆಗೆದುಕೊಂಡನು. ಆಮೇಲೆ ಎದ್ದು ನನ್ನ ಕಾಲು ಮುಟ್ಟಿ ನಮಸ್ಕರಿಸಿದನು. ಪರೀಕ್ಷೆಯಲ್ಲಿ ಇದನ್ನು ಮಾಡಬೇಡವೆಂದು ಹೇಳಬೇಕಾಯಿತು.

ಮಕ್ಕಳನ್ನು ಈ ದಾರಿಗೆ ಕಳಿಸಬೇಕೆನ್ನುವವರಿಗೆ ಒಂದು ಮಾತು ಹೇಳದಿದ್ದರೆ ಕರ್ತವ್ಯಲೋಪವಾದೀತು. ತರಬೇತಿ ಶಾಲೆಗೆ ಹಣ ಕಟ್ಟುವುದಕ್ಕೆ ಮೊದಲೇ ಸರಕಾರ ಮಾನ್ಯ ಮಾಡಿದ ವೈದ್ಯರಿಂದ ಒಂದನೆಯ ದರ್ಜೆಯ ವೈದ್ಯಕೀಯ ಪರೀಕ್ಷೆಯನ್ನು ಮಾಡಿಸಿರಿ. ಕನ್ನಡಕವಿದ್ದ ಮಾತ್ರಕ್ಕೆ ಅನರ್ಹರಾಗುವುದಿಲ್ಲ. ಆದರೆ ಬಣ್ಣಗಳನ್ನು ಗುರುತಿಸುವುದರಲ್ಲಿ, ಕಿವಿಯಲ್ಲಿ, ಹೃದಯದಲ್ಲಿ ದೋಷವಿದ್ದರೆ ಅದು ಹೊಲ ಒತ್ತೆಯಿಡುವ ಮೊದಲು ತಿಳಿಯಬೇಕು. ಸಾಲದ ಕಂತು ಲೈಸನ್ಸಿನ ನಂತರವೂ ನೌಕರಿಗಾಗಿ ಕಾಯುವುದಿಲ್ಲವೆಂಬುದನ್ನು ಲೆಕ್ಕದಲ್ಲಿ ಹಿಡಿಯಿರಿ. ಲೈಸನ್ಸು ಪಡೆದು ವರ್ಷಗಟ್ಟಲೆ ಕುಳಿತ ಮಕ್ಕಳೂ ಇದ್ದಾರೆ. ಕೈ ಜಡ್ಡುಗಟ್ಟಿದವರು ಹೋಗಿ ತಮ್ಮ ಹಣದಿಂದಲೇ ಒಂದೆರಡು ತಾಸು ಸಿಮ್ಯುಲೇಟರ್ ಅಭ್ಯಾಸ ಮಾಡುವುದುಂಟು. ಇವನೂ ಪರೀಕ್ಷೆಗೆ ಮೊದಲು ಎರಡು ತಾಸು ಮಾಡಿ ಬಂದನು. ಹೆಚ್ಚು ಬೇಡವೆಂದವನೂ ಅವನೇ. ಅಣ್ಣನವರ ಹೊಲ ಅವನ ನೆನಪಿನಲ್ಲಿತ್ತು.

ಎರಡನೆಯ ಸಂಸ್ಥೆಯ ಪರೀಕ್ಷೆಯಲ್ಲಿ ಇವನ ಜೊತೆ ಕುಳಿತಾಕೆ ಇವನಿಗಿಂತ ಕಿರಿಯಳು. ಇವನು ವಿಮಾನ ನಡೆಸುವ ಸರದಿಯಲ್ಲಿ, ರೇಡಿಯೋ ಆವರ್ತನವನ್ನು ಹೊಂದಿಸಲು ಮರೆತುದನ್ನು ಆಕೆಯೇ ತೋರಿಸಿದಳಂತೆ. ಇವನು "ಥ್ಯಾಂಕ್ ಯೂ" ಎಂದು ಹೊಂದಿಸಿಕೊಂಡು ಮುಂದುವರಿದನು. ಹೇಳುವುದನ್ನು ನಾವು ಎರಡು ತಿಂಗಳು ಅಭ್ಯಾಸ ಮಾಡಿದ್ದೆವು. ಹೇಳಿಸಿಕೊಳ್ಳುವುದು ನಮ್ಮ ಪಾಠದಲ್ಲಿ ಇರಲಿಲ್ಲ. ಅದನ್ನು ಅವನು ಎಲ್ಲಿ ಕಲಿತನೋ ತಿಳಿಯದು.

ಇಬ್ಬರೂ ಆಯ್ಕೆಯಾದರು. ಇನ್ನು ಆ ಬಗೆಯ ವಿಮಾನಕ್ಕೇ ಮೀಸಲಾದ ತರಬೇತಿ, ಅದಾದ ಮೇಲೆ ವೃತ್ತಿಯಲ್ಲಿರುವಷ್ಟು ಕಾಲವೂ ವರ್ಷಕ್ಕೆ ಎರಡು ಸಲ ಸಿಮ್ಯುಲೇಟರಿನಲ್ಲಿ ಪರೀಕ್ಷೆ. ಕ್ಯಾಪ್ಟನ್ನರಿಗೂ ಅದು ತಪ್ಪದು. ಕಪಾಟಿನ ಬಾಗಿಲ ಚಿತ್ರವನ್ನು ತೆಗೆಯಕೂಡದೆಂದು ಹುಡುಗನು ಹೇಳಿ ಹೋಗಿದ್ದಾನೆ. ಒಳಗಿನ ಕೋಶಗಳನ್ನು ತೆಗೆಯಬೇಕಾದಾಗ ನಾನು ಇಂಜಿನ್ನಿನ ಹಿಡಿಕೆಗಳ ಪಕ್ಕದಲ್ಲಿ ಕೈಯಿಟ್ಟು ಬಾಗಿಲನ್ನು ಎಳೆಯುತ್ತೇನೆ.